ಕೈಗೊಂದು ತಾಲೀಮು

ತಟ್ಟೆ ಬಟ್ಟಲುಗಳನ್ನು ಕೈಜಾರಿಸಿ ಒಡೆಯುವ ಕೆಲಸದಾಕೆಯನ್ನು ಯಾವ ಮನೆಯವರೂ ಬಹಳ ದಿನ ಇಟ್ಟುಕೊಳ್ಳುವುದಿಲ್ಲ. 19ನೆಯ ಶತಮಾನದ ಪ್ಯಾರಿಸ್‌ನಲ್ಲಿ ಅಂಥ ಒಬ್ಬಾಕೆಗೆ ಎಲ್ಲಿಯೂ ಕೆಲಸ ಸಿಗದಂತಾಗಿತ್ತು. ಆಕೆಯ ಕೈಗಳಲ್ಲಿ ವಿಚಿತ್ರವಾದ ನಡುಕವಿತ್ತು. ಕೊನೆಗೆ ಆಕೆಗೆ ಕೆಲಸ ಕೊಟ್ಟವರು ಶಾರ್ಕೋ ಎಂಬ ವೈದ್ಯರು. ಒಡೆದ ಪಿಂಗಾಣಿಯ ನಷ್ಟವನ್ನು ವರ್ಷಗಟ್ಟಲೆ ಸಹಿಸಿಕೊಂಡರು, ನಡುಕ ದಿನದಿನಕ್ಕೆ ಹೇಗೆ ಬದಲಾಗುತ್ತದೆಂದು ಗಮನಿಸುತ್ತ ಬಂದರು. ಆಕೆ ತೀರಿಕೊಂಡ ಮೇಲೆ ಮಿದುಳು ಮತ್ತು ಬೆನ್ನುಹುರಿಯನ್ನು ಪರೀಕ್ಷಿಸಿ, ಅಲ್ಲಲ್ಲಿ ಗಟ್ಟಿಯಾಗಿ ಕಲೆಗಟ್ಟಿದ್ದ ಭಾಗಗಳನ್ನು ಕಂಡರು. 1893ರಲ್ಲಿ ಶಾರ್ಕೋ ನಿಧನರಾದಾಗ ಅವರ ಶಿಷ್ಯರಾಗಿದ್ದ ಸಿಗ್ಮಂಡ್ ಫ್ರಾಯ್ಡ್ ಬರೆದ ಶ್ರದ್ಧಾಂಜಲಿ ಲೇಖನದಲ್ಲಿ ಈ ಸಂಗತಿ ಬರುತ್ತದೆ.

1868ರಲ್ಲಿ ಪ್ಯಾರಿಸ್‌ನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಶಾರ್ಕೋ ಈ ರೋಗವನ್ನು ಬೇರೆಯೇ ಒಂದು ಕಾಯಿಲೆಯೆಂದು ಗುರುತಿಸಿ ವಿವರಿಸಿದರು. ಇಂದು ಜಗತ್ತು ಅದನ್ನು ಮಲ್ಟಿಪಲ್ ಸ್ಕ್ಲೆರೋಸಿಸ್, ಚಿಕ್ಕದಾಗಿ ಎಂಎಸ್ ಎನ್ನುತ್ತದೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ನರತಂತುಗಳ ಮೇಲಿನ ಮಯಲಿನ್ ಹೊದಿಕೆಯನ್ನು ಸುಲಿದುಹಾಕುತ್ತದೆ. ಮಿದುಳಿನಿಂದ ಹೊರಟ ಆಜ್ಞೆ ಬೆರಳಿಗೆ ತಡವಾಗಿ ತಲುಪುತ್ತದೆ, ಅರ್ಧಂಬರ್ಧ ತಲುಪುತ್ತದೆ, ಕೆಲವೊಮ್ಮೆ ತಲುಪುವುದೇ ಇಲ್ಲ. ಹೆಚ್ಚಾಗಿ 20ರಿಂದ 40ರ ವಯಸ್ಸಿನಲ್ಲಿ ಕಾಣಿಸಿಕೊಳ್ಳುವ ಈ ರೋಗ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಪಟ್ಟಿಗೂ ಹೆಚ್ಚು. 2020ರ ಜಾಗತಿಕ ಅಂದಾಜಿನಂತೆ ಸುಮಾರು 28 ಲಕ್ಷ ಜನ ಇದರೊಂದಿಗೆ ಬದುಕುತ್ತಿದ್ದರು.

ಹೀಗೆ ಕೈಯ ನಡುಕದಿಂದ ಕಣ್ಣಿಗೆ ಬಿದ್ದ ರೋಗದಲ್ಲಿ ಕೈಗೆ ಚಿಕಿತ್ಸೆ ಬೇಕೆಂಬ ಮಾತು ಮುನ್ನೆಲೆಗೆ ಬರಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಕೊರತೆ ಇಂದಿಗೂ ಪೂರ್ತಿ ತುಂಬಿಲ್ಲ. ಕಲಬುರಗಿಯ ಸೇಡಂ ರಸ್ತೆಯಲ್ಲಿ ನಿಂತು ನೋಡಿದರೆ ಇದು ಇನ್ನೂ ನಿಚ್ಚಳವಾಗಿ ಕಾಣುತ್ತದೆ.

ಸೇಡಂ ರಸ್ತೆಯನ್ನು ದವಾಖಾನೆಗಳ ರಸ್ತೆ ಎಂದರೂ ನಡೆದೀತು. ನಿಜಾಮರ ಕಾಲದಲ್ಲೂ ಆಮೇಲೂ ಇಲ್ಲಿಯ ಜನಕ್ಕೆ ದೊಡ್ಡ ಕಾಯಿಲೆ ಎಂದರೆ ಹೈದರಾಬಾದ್, ಇಲ್ಲವೆ ಸೊಲ್ಲಾಪುರದ ದಾರಿ. 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. 1958ರಲ್ಲಿ ಮಹಾದೇವಪ್ಪ ರಾಂಪುರೆ ಅವರ ಮುಂದಾಳತ್ವದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿತು, 1963ರಲ್ಲಿ ಅದರ ವೈದ್ಯಕೀಯ ಕಾಲೇಜು ಬಂತು. ಈಗ ಎಂ.ಆರ್. ಮೆಡಿಕಲ್ ಕಾಲೇಜು ಎಂದು ಕರೆಸಿಕೊಳ್ಳುವುದು ಅದೇ. 2010ರ ದಶಕದಲ್ಲಿ ಸರ್ಕಾರದ ಜಿಮ್ಸ್ ಮತ್ತು ಕೇಂದ್ರದ ಇಎಸ್‌ಐಸಿ ವೈದ್ಯಕೀಯ ಕಾಲೇಜುಗಳೂ ಇದೇ ರಸ್ತೆಯಲ್ಲಿ ಬಾಗಿಲು ತೆರೆದವು. 1980ರಲ್ಲಿ ಆರಂಭವಾದ ಗುಲಬರ್ಗಾ ವಿಶ್ವವಿದ್ಯಾಲಯವೂ ಇದೇ ದಿಕ್ಕಿನಲ್ಲಿದೆ.

ಇಂಥ ದೊಡ್ಡ ದವಾಖಾನೆಗಳ ಫಿಜಿಯೋಥೆರಪಿ ಕೋಣೆಗೆ ಬರುವವರಲ್ಲಿ ಲಕ್ವಾ ಹೊಡೆದವರು, ಸೊಂಟ ಹಿಡಿದವರು, ಬೈಕಿನಿಂದ ಬಿದ್ದು ತೋಳು ಮುರಿದುಕೊಂಡವರೇ ಹೆಚ್ಚು. ಎಂಎಸ್ ಇರುವವರು ವಿರಳ. ಮೂವತ್ತರ ಹೆಣ್ಣುಮಗಳೊಬ್ಬಳ ಬಲಗೈ ಇದ್ದಕ್ಕಿದ್ದಂತೆ ಸೋತರೆ ಮನೆಯವರು ಅದನ್ನೂ ಲಕ್ವಾ ಎಂದೇ ಎಣಿಸುತ್ತಾರೆ. ಕೆಲವು ವಾರಗಳಲ್ಲಿ ಅದು ತಾನಾಗಿ ಸುಧಾರಿಸಿದರೆ ಎಣ್ಣೆಯ ಮಾಲೀಸಿಗೆ ಹೆಸರು ಬರುತ್ತದೆ. ಮುಂದಿನ ಸಲ ಕಣ್ಣು ಮಂಜಾದಾಗಲೋ ಕಾಲು ಜೋಮು ಹಿಡಿದಾಗಲೋ ಅದು ಅದೇ ರೋಗದ ಇನ್ನೊಂದು ಏಟೆಂದು ಯಾರಿಗೂ ಹೊಳೆಯುವುದಿಲ್ಲ. ಭಾರತದಲ್ಲಿ ಈ ರೋಗ ಇಲ್ಲವೆನ್ನುವಷ್ಟು ಕಡಿಮೆ ಎಂಬ ನಂಬಿಕೆ ವೈದ್ಯರಲ್ಲಿಯೂ ಬಹಳ ಕಾಲ ಇತ್ತು. ಆ ನಂಬಿಕೆಯನ್ನು ಅಲುಗಾಡಿಸಿದ ಲೆಕ್ಕಗಳಲ್ಲಿ ಒಂದು ಕರ್ನಾಟಕದ್ದೇ. ಮಂಗಳೂರಿನ ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ಅವರ ತಂಡ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಮಂಗಳೂರು ನಗರದ ಲಕ್ಷ ಜನರಲ್ಲಿ ಎಂಟರ ಆಸುಪಾಸು ಎಂಎಸ್ ರೋಗಿಗಳು ಸಿಕ್ಕಿದರು. ಹಳೆಯ ಅಂದಾಜುಗಳಿಗಿಂತ ಇದು ಹಲವು ಪಟ್ಟು ಹೆಚ್ಚು.

ಗುರುತು ಸಿಕ್ಕವರಿಗೂ ಹಿಂದೆ ದೊರೆಯುತ್ತಿದ್ದ ಸಲಹೆ ಒಂದೇ: ದಣಿಯಬೇಡಿ. ಅದಕ್ಕೂ ಒಂದು ಇತಿಹಾಸವಿದೆ. 1890ರಲ್ಲಿ ಜರ್ಮನಿಯ ಕಣ್ಣಿನ ವೈದ್ಯ ವಿಲ್ಹೆಲ್ಮ್ ಊಟ್‌ಹೋಫ್ ತಾವು ನೋಡಿದ ನೂರು ಎಂಎಸ್ ರೋಗಿಗಳಲ್ಲಿ ನಾಲ್ವರಿಗೆ ದೇಹ ದಣಿದಾಗ ಸ್ವಲ್ಪ ಹೊತ್ತು ದೃಷ್ಟಿ ಮಬ್ಬಾಗುತ್ತದೆಂದು ಬರೆದರು. ಅದಕ್ಕೆ ಕಾರಣ ಶ್ರಮವಲ್ಲ, ಶ್ರಮದಿಂದ ಏರುವ ಮೈಯ ಶಾಖ ಎಂದು ಮುಂದೆ ಗೊತ್ತಾಯಿತು. ಹೊದಿಕೆ ಹರಿದ ನರತಂತುವಿನಲ್ಲಿ ಸಂದೇಶ ಮೊದಲೇ ಕುಂಟುತ್ತಿರುತ್ತದೆ. ಮೈಯ ಉಷ್ಣತೆ ಅರ್ಧ ಡಿಗ್ರಿ ಏರಿದರೂ ಅದು ನಿಂತುಬಿಡಬಹುದು. ಮೈ ತಣ್ಣಗಾದರೆ ಮತ್ತೆ ಹರಿಯುತ್ತದೆ, ನರಕ್ಕೆ ಹೊಸ ಹಾನಿಯೇನೂ ಆಗಿರುವುದಿಲ್ಲ. ಆದರೆ ವೈದ್ಯರ ಮನಸ್ಸಿನಲ್ಲಿ ಮೊದಲ ಮಾತೇ ಬೇರೂರಿತು. ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ, ಲಕ್ಷಣಗಳು ಹೆಚ್ಚಾದರೆ ಎಂಎಸ್ ಇರಬಹುದೆಂದು ಊಹಿಸುವ ಪರೀಕ್ಷೆ 20ನೆಯ ಶತಮಾನದಲ್ಲಿ ಕೆಲವು ದಶಕ ಬಳಕೆಯಲ್ಲಿತ್ತು. ವ್ಯಾಯಾಮ ಬೇಡವೆಂಬ ಮಾತಿಗೆ ಅದೂ ಇಂಬು ಕೊಟ್ಟಿತು. ಮಲಗಿಸಿಟ್ಟ ಕೈ ರೋಗದಿಂದ ಎಷ್ಟು ಸೋತಿತು, ಸುಮ್ಮನಿದ್ದುದರಿಂದ ಎಷ್ಟು ಸೋತಿತು ಎಂಬ ಲೆಕ್ಕವನ್ನು ಯಾರೂ ಬಿಡಿಸಿ ನೋಡಲಿಲ್ಲ.

ಕಲಬುರಗಿಯವರಿಗೆ ಶಾಖದ ಮಾತನ್ನು ವಿವರಿಸಿ ಹೇಳಬೇಕಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವ ಈ ನಾಡಿನಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ವೇಳೆಗೆ ಬದಲಾಗುತ್ತವೆ. ಎಂಎಸ್ ಇರುವವರಿಗೆ ಇದೇ ವೇಳಾಪಟ್ಟಿ ಔಷಧಿಯಷ್ಟೇ ಮುಖ್ಯ. ಕೈಯ ಕಸರತ್ತು ನಸುಕಿನಲ್ಲಿ, ಫ್ಯಾನಿನ ಕೆಳಗೆ, ಮಣಿಕಟ್ಟಿಗೆ ತಣ್ಣೀರು ಬಟ್ಟೆ ಸುತ್ತಿಕೊಂಡು, ನಡುನಡುವೆ ಬಿಡುವು ಕೊಟ್ಟು ನಡೆಯಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಬಸ್ಸಿನಿಂದಿಳಿದು ಬಂದವರ ಕೈಯನ್ನು ಅಳೆದರೆ ಸಿಗುವುದು ಬಿಸಿಲಿನ ಅಳತೆಯೇ ಹೊರತು ರೋಗದ್ದಲ್ಲ.

ಸೋತ ಕೈಗೆ ಪಾಠ ಹೇಳಿಕೊಡಬಹುದೆಂಬ ವಿಚಾರ ಎಂಎಸ್‌ಗೆ ಬಂದದ್ದು ಬೇರೊಂದು ರೋಗದ ಮೂಲಕ. ಸ್ವಿಟ್ಜರ್ಲೆಂಡಿನ ಹೈಡನ್ ಎಂಬ ಊರಿನಲ್ಲಿದ್ದ ವೈದ್ಯ ಹೈನ್ರಿಖ್ ಫ್ರೆಂಕೆಲ್ 1880ರ ದಶಕದ ಕೊನೆಯಲ್ಲಿ ಒಬ್ಬ ಟೇಬಿಸ್ ರೋಗಿಯನ್ನು ಪರೀಕ್ಷಿಸಿದರು. ಸಿಫಿಲಿಸ್ ಬೆನ್ನುಹುರಿಗೆ ಇಳಿದಾಗ ಬರುತ್ತಿದ್ದ ಕಾಯಿಲೆ ಅದು. ಕೈಕಾಲಿಗೆ ಬಲವಿದ್ದರೂ ಹಿಡಿತ ಇರುತ್ತಿರಲಿಲ್ಲ. ಬೆರಳಿನಿಂದ ಮೂಗು ಮುಟ್ಟು ಎಂದರೆ ಆ ರೋಗಿಗೆ ಆಗಲಿಲ್ಲ. ತಿಂಗಳುಗಳ ನಂತರ ಆತ ಮತ್ತೆ ಬಂದಾಗ ಸಲೀಸಾಗಿ ಮುಟ್ಟಿದ. ಫ್ರೆಂಕೆಲ್ ಬೆರಗಾಗಿ ವಿಚಾರಿಸಿದರೆ, ಪರೀಕ್ಷೆಯಲ್ಲಿ ಸೋತದ್ದು ಮನಸ್ಸಿಗೆ ಚುಚ್ಚಿ ಮನೆಯಲ್ಲಿ ಅದನ್ನೇ ಅಭ್ಯಾಸ ಮಾಡಿದ್ದನಂತೆ. ನರ ವಾಸಿಯಾಗಿರಲಿಲ್ಲ, ಉಳಿದ ನರಗಳನ್ನೇ ಬಳಸುವ ದಾರಿಯನ್ನು ಆತ ಕಂಡುಕೊಂಡಿದ್ದ. ಚಿಕಿತ್ಸೆಯ ಚರಿತ್ರೆಯಲ್ಲಿ ರೋಗಿಯೇ ಗುರುವಾದ ಗಳಿಗೆಗಳಲ್ಲಿ ಇದು ದೊಡ್ಡದು.

ಫ್ರೆಂಕೆಲ್ ಅದನ್ನೇ ಪದ್ಧತಿಯಾಗಿ ಕಟ್ಟಿದರು. ನಿಧಾನವಾಗಿ, ಎಣಿಸುತ್ತ, ಕಣ್ಣಿಟ್ಟು ನೋಡುತ್ತ ಮಾಡುವ ಚಲನೆಗಳು ಅವು. ಗೆರೆಯ ಮೇಲೆ ಬೆರಳಾಡಿಸುವುದು, ತೂತುಗಳಿರುವ ಹಲಗೆಯಲ್ಲಿ ಗೂಟ ಕೂರಿಸುವುದು ಕೈಗೆ ಕೊಟ್ಟ ಪಾಠ. 1902ರಲ್ಲಿ ಅವರ ಪುಸ್ತಕ ಇಂಗ್ಲಿಷಿನಲ್ಲೂ ಬಂತು. ಪೆನಿಸಿಲಿನ್ ಬಂದ ಮೇಲೆ ಟೇಬಿಸ್ ಹೆಚ್ಚುಕಡಿಮೆ ಮಾಯವಾಯಿತು, ಆದರೆ ಕಸರತ್ತು ಉಳಿದುಕೊಂಡು ಎಂಎಸ್ ರೋಗಿಗಳ ಪಾಲಿಗೆ ಬಂತು. ಕರ್ನಾಟಕದ ಫಿಜಿಯೋಥೆರಪಿ ವಿದ್ಯಾರ್ಥಿಗಳು ಇಂದಿಗೂ ‘ಫ್ರೆಂಕೆಲ್ ಎಕ್ಸರ್‌ಸೈಜ್’ ಕಲಿತೇ ಪರೀಕ್ಷೆಗೆ ಕೂರುತ್ತಾರೆ.

ಅವರು ಕಲಿಯುವ ಇನ್ನೊಂದು ವಿದ್ಯೆಯ ಮೂಲದಲ್ಲಿ ಎಂಎಸ್ ನೇರವಾಗಿಯೇ ಇದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕಕ್ಕೆ ನೂರಾರು ಸರಕುಹಡಗು ಕಟ್ಟಿಕೊಟ್ಟ ಉದ್ಯಮಿ ಹೆನ್ರಿ ಕೈಸರ್ ಅವರ ಮಗ ಹೆನ್ರಿ ಕೈಸರ್ ಜೂನಿಯರ್‌ಗೆ 1940ರ ದಶಕದಲ್ಲಿ ಎಂಎಸ್ ಎಂದು ಗೊತ್ತಾಯಿತು. ಮಲಗಿ ವಿಶ್ರಾಂತಿ ಪಡೆಯುವುದೇ ಆಗಿನ ರೂಢಿ. ಕೈಸರ್ ಕುಟುಂಬಕ್ಕೆ ಬೇರೆಯೇ ಮಾತು ಹೇಳಿದವರು ಹರ್ಮನ್ ಕಬಾತ್ ಎಂಬ ವೈದ್ಯರು. ನರಶರೀರಶಾಸ್ತ್ರ ಓದಿದ್ದ ಅವರಿಗೆ, ಪೋಲಿಯೊ ಮಕ್ಕಳನ್ನು ಕಟ್ಟುಪಟ್ಟಿಗಳಿಂದ ಬಿಡಿಸಿ ಚಲನೆ ಕಲಿಸಿದ ಆಸ್ಟ್ರೇಲಿಯಾದ ಸಿಸ್ಟರ್ ಕೆನ್ನಿಯ ಕೆಲಸವೂ ತಿಳಿದಿತ್ತು. ಕೈಸರ್ ಹಣದಿಂದ 1946ರಲ್ಲಿ ವಾಷಿಂಗ್ಟನ್‌ನಲ್ಲಿ ಕಬಾತ್-ಕೈಸರ್ ಸಂಸ್ಥೆ ಆರಂಭವಾಗಿ, ಬಳಿಕ ಕ್ಯಾಲಿಫೋರ್ನಿಯಾದ ವ್ಯಾಲೇಹೊದಲ್ಲಿ ಬೆಳೆಯಿತು. ಎಂಎಸ್ ಇದ್ದವರ ಜೊತೆಗೆ ಪೋಲಿಯೊ ಪೀಡಿತರು, ಗಣಿಯಲ್ಲಿ ಬೆನ್ನು ಮುರಿದುಕೊಂಡ ಕಾರ್ಮಿಕರೂ ಅಲ್ಲಿಗೆ ಬಂದರು.

ಅಲ್ಲಿ ಕಬಾತ್ ಜೊತೆ ದುಡಿದ ಫಿಜಿಯೋಥೆರಪಿಸ್ಟ್ ಮಾರ್ಗರೆಟ್ ನಾಟ್. ಬದುಕಿನ ಯಾವ ಕೆಲಸದಲ್ಲೂ ಒಂದು ಸ್ನಾಯು ಒಂಟಿಯಾಗಿ ದುಡಿಯುವುದಿಲ್ಲ, ತೋಳು ನೆಟ್ಟಗೆ ಮೇಲೆ ಕೆಳಗೆ ಆಡುವುದಿಲ್ಲ, ಓರೆಯಾಗಿ ತಿರುಚಿಕೊಂಡು ಚಲಿಸುತ್ತದೆ ಎಂಬುದು ಅವರು ಹಿಡಿದ ಎಳೆ. ಎಡ ಸೊಂಟದ ಬಳಿಯ ಬಲಗೈ ಒರೆಯಿಂದ ಕತ್ತಿ ಹಿರಿದಂತೆ ತಿರುಗುತ್ತ ಬಲಭುಜದ ಮೇಲಕ್ಕೆ ಏರಬೇಕು. ಥೆರಪಿಸ್ಟ್ ತನ್ನ ಕೈಯಿಂದ ಅದಕ್ಕೆ ಅಡ್ಡ ಒತ್ತು ಕೊಡುತ್ತ, ‘ತಳ್ಳು, ಹಿಡಿ, ಎಳೆ’ ಎಂದು ದನಿ ಕೊಡುತ್ತಿರಬೇಕು. ಬಲವಿರುವ ಭುಜದ ದುಡಿಮೆಯೇ ಸೋತ ಬೆರಳುಗಳನ್ನು ಎಬ್ಬಿಸುತ್ತದೆ ಎಂಬುದು ಇದರ ಹಿಂದಿನ ತತ್ವ. ನಾಟ್ ಮತ್ತು ಡೊರೊತಿ ವಾಸ್ ಸೇರಿ 1956ರಲ್ಲಿ ಪುಸ್ತಕ ತಂದರು. ಪಿಎನ್‌ಎಫ್ ಎಂಬ ಮೂರಕ್ಷರದಲ್ಲಿ ಈ ವಿದ್ಯೆ ಲೋಕವನ್ನೆಲ್ಲ ಸುತ್ತಿತು. ಕಲಬುರಗಿಯಲ್ಲಿ ಲಕ್ವಾ ಹೊಡೆದ ಅಜ್ಜನ ತೋಳನ್ನು ಓರೆಯಾಗಿ ಎತ್ತಿಸುವ ಹುಡುಗ ಹುಡುಗಿಯರಿಗೆ, ತಾವು ಬಳಸುತ್ತಿರುವುದು ಒಬ್ಬ ಎಂಎಸ್ ರೋಗಿಯ ತಂದೆಯ ಹಟದಿಂದ ಬೆಳೆದದ್ದೆಂದು ತಿಳಿದರೆ ಸಂತೋಷವಾದೀತು. ಹೆನ್ರಿ ಕೈಸರ್ ಜೂನಿಯರ್ 1961ರವರೆಗೆ ಬದುಕಿದ್ದರು.

ಭಾರತದಲ್ಲಿ ಕೈಯ ಪಾಠಕ್ಕೆ ಶಾಲೆ ತೆರೆದದ್ದು ಒಬ್ಬ ಹೆಣ್ಣುಮಗಳು. ಅಮೆರಿಕದಲ್ಲಿ ಎಲಿಜಬೆತ್ ಲಂಡಿಯಾಗಿ ಹುಟ್ಟಿ, ವಿಷ್ಣು ನಿಂಬ್ಕರ್ ಅವರನ್ನು ಮದುವೆಯಾಗಿ ಭಾರತಕ್ಕೆ ಬಂದ ಕಮಲಾ ನಿಂಬ್ಕರ್ 1950ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಆಕ್ಯುಪೇಷನಲ್ ಥೆರಪಿ ಶಾಲೆ ಶುರುಮಾಡಿದರು. ಗುಂಡಿ ಹಾಕುವುದು, ತುತ್ತು ಎತ್ತುವುದು, ನೇಯುವುದು, ಬರೆಯುವುದು, ಹೀಗೆ ಬದುಕಿನ ಕೆಲಸವನ್ನೇ ಔಷಧಿಯಾಗಿಸುವ ವಿದ್ಯೆ ಅದು. ಪೋಲಿಯೊ ಹಾವಳಿಯ ಒತ್ತಡದಲ್ಲಿ ಫಿಜಿಯೋಥೆರಪಿ ಶಿಕ್ಷಣವೂ ಅದೇ ನಗರದಲ್ಲಿ, ಅದೇ ದಶಕದ ಮೊದಲಲ್ಲಿ ನೆಲೆಯೂರಿತು. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಕುಷ್ಠದಿಂದ ಮಡಚಿಹೋದ ಬೆರಳುಗಳಿಗೆ ಶಸ್ತ್ರಚಿಕಿತ್ಸೆ ಮಾಡಿ, ಆ ಕೈಗಳಿಗೆ ಮರಗೆಲಸ ಕಲಿಸುತ್ತಿದ್ದರು.

ಕನ್ನಡ ನಾಡಿನಲ್ಲಿ ಕಸರತ್ತಿಗೆ ಗರಡಿಯ ಹಿನ್ನೆಲೆ ಇತ್ತು, ಕಲಬುರಗಿ ಕಡೆ ತಾಲೀಮಿನ ಮನೆಗಳಿದ್ದವು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ಕಟ್ಟಿದ ಕೆ.ವಿ. ಅಯ್ಯರ್, ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃ, ಅಂಚೆಯ ಮೂಲಕವೂ ವ್ಯಾಯಾಮ ಕಲಿಸಿದವರು. ಆದರೆ ಅದು ಗಟ್ಟಿ ಮೈಯನ್ನು ಇನ್ನೂ ಗಟ್ಟಿ ಮಾಡುವ ವಿದ್ಯೆ. ಮುರಿದ ಕೈಗೆ ಮತ್ತೆ ಲೋಟ ಹಿಡಿಯುವುದನ್ನು ಕಲಿಸುವವರು ರಾಜ್ಯದಲ್ಲಿ ದೊಡ್ಡ ಸಂಖ್ಯೆಯಲ್ಲಿ ತಯಾರಾದದ್ದು 20ನೆಯ ಶತಮಾನದ ಕೊನೆಯ ದಶಕಗಳಲ್ಲಿ, ಫಿಜಿಯೋಥೆರಪಿ ಕಾಲೇಜುಗಳು ಹೆಚ್ಚಿದಾಗ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದ ಮೇಲೆ ಅವುಗಳಿಗೆ ಒಂದೇ ಸೂರು ಸಿಕ್ಕಿತು.

ಇಷ್ಟೆಲ್ಲ ವಿದ್ಯೆ ಕೈಗೂಡಿದ್ದರೂ ಎಂಎಸ್ ವೈದ್ಯಶಾಸ್ತ್ರದ ಕಣ್ಣು ಮಾತ್ರ ಕಾಲಿನ ಮೇಲೆಯೇ ನೆಟ್ಟಿತ್ತು. ಅಮೆರಿಕದ ನರರೋಗ ತಜ್ಞ ಜಾನ್ ಕರ್ಟ್ಜ್‌ಕಿ 1955ರಲ್ಲಿ ರೂಪಿಸಿ, 1983ರಲ್ಲಿ ವಿಸ್ತರಿಸಿದ ಅಳತೆಗೋಲನ್ನೇ ಇಂದಿಗೂ ಎಲ್ಲೆಡೆ ಬಳಸುತ್ತಾರೆ. ಸೊನ್ನೆಯಿಂದ ಹತ್ತರವರೆಗಿನ ಆ ಏಣಿಯಲ್ಲಿ ನಾಲ್ಕರ ನಂತರ ಮುಖ್ಯವಾಗಿ ನೋಡುವುದು ಎಷ್ಟು ದೂರ ನಡೆಯಬಲ್ಲರು ಎಂಬುದನ್ನು. ಆರಕ್ಕೆ ಕೋಲು, ಏಳಕ್ಕೆ ಗಾಲಿಕುರ್ಚಿ. ಕೈ ಕೆಲಸಕ್ಕೆ ಬರುತ್ತದೆಯೇ ಎಂಬ ಪ್ರಶ್ನೆ ಮೆಟ್ಟಿಲು ನಿರ್ಧರಿಸುವುದು ಎಂಟನ್ನು ಮುಟ್ಟಿದಾಗ, ಅಂದರೆ ಮನುಷ್ಯ ಹಾಸಿಗೆ ಕುರ್ಚಿಗಳಿಗೆ ಸೀಮಿತನಾದ ಮೇಲೆ. ಹೊಸ ಔಷಧಿಗಳ ಪ್ರಯೋಗಗಳೂ ಇದೇ ಏಣಿಯನ್ನು ನಂಬಿದ್ದರಿಂದ ಗಾಲಿಕುರ್ಚಿಯಲ್ಲಿದ್ದವರು ಹೆಚ್ಚಿನ ಪ್ರಯೋಗಗಳಿಂದ ಹೊರಗೇ ಉಳಿದರು. ಇದು ಸಣ್ಣ ಅನ್ಯಾಯವಲ್ಲ. ಕಾಲು ಸೋತವರಿಗೆ ಕೈಯೇ ಎಲ್ಲ: ಗಾಲಿ ತಳ್ಳುವುದು, ಹಾಸಿಗೆಯಿಂದ ಕುರ್ಚಿಗೆ ಸರಿಯುವುದು, ಫೋನ್ ಒತ್ತುವುದು, ತಾನೇ ಉಣ್ಣುವುದು.

ಹೀಗಿದ್ದ ನೋಟ 1990ರ ದಶಕದಲ್ಲಿ ಬದಲಾಗತೊಡಗಿತು. 1996ರಲ್ಲಿ ಯೂಟಾ ವಿಶ್ವವಿದ್ಯಾಲಯದ ಜ್ಯಾಕ್ ಪೆಟಾಜಾನ್ ಮತ್ತು ಸಂಗಡಿಗರು 54 ಎಂಎಸ್ ರೋಗಿಗಳ ಅಧ್ಯಯನವೊಂದನ್ನು ಪ್ರಕಟಿಸಿದರು. ಅವರಲ್ಲಿ ಒಂದು ಗುಂಪು 15 ವಾರ ಕೈಕಾಲು ಎರಡರಿಂದಲೂ ತುಳಿದು ತಿರುಗಿಸುವ ಯಂತ್ರದಲ್ಲಿ ದುಡಿದಿತ್ತು. ಆ ಗುಂಪಿನವರ ರೋಗ ಕೆರಳಲಿಲ್ಲ, ದಮ್ಮು ಹೆಚ್ಚಿತು, ತೋಳುಗಳ ಬಲವೂ ಹೆಚ್ಚಿತು. ದಣಿಯಬೇಡಿ ಎಂಬ ಶತಮಾನದ ಸಲಹೆಗೆ ಬಿದ್ದ ಗಟ್ಟಿ ಪೆಟ್ಟು ಇದು. 1999ರ ಹೊತ್ತಿಗೆ ಒಂಬತ್ತು ತೂತಿನ ಗೂಟದ ಪರೀಕ್ಷೆ ಎಂಎಸ್‌ನ ಅಧಿಕೃತ ಅಳತೆಗಳಲ್ಲಿ ಸೇರಿತ್ತು. ಒಂಬತ್ತು ಕಿರುಗೂಟಗಳನ್ನು ಒಂದೊಂದಾಗಿ ಎತ್ತಿ ತೂತಿಗೆ ಹಾಕಿ, ಮತ್ತೆ ತೆಗೆಯಬೇಕು. ಆರೋಗ್ಯವಂತರಿಗೆ ಇಪ್ಪತ್ತು ಸೆಕೆಂಡಿನ ಆಸುಪಾಸು ಸಾಕು. ಅದೇ ವ್ಯಕ್ತಿಯ ಸಮಯ ಹಿಂದಿಗಿಂತ ಶೇ 20ರಷ್ಟು ಹೆಚ್ಚಾದರೆ ಕೈ ನಿಜವಾಗಿ ಹದಗೆಟ್ಟಿದೆ ಎಂದು ಹಿಡಿಯುತ್ತಾರೆ. 2007ರಲ್ಲಿ ಸ್ಟಾಕ್‌ಹೋಮ್‌ನ ಸಂಶೋಧಕರು 219 ಎಂಎಸ್ ರೋಗಿಗಳನ್ನು ಪರೀಕ್ಷಿಸಿದಾಗ ನಾಲ್ವರಲ್ಲಿ ಮೂವರ ಬೆರಳ ಚುರುಕು ಕುಂದಿತ್ತು. ಲಂಡನ್ನಿನ ಬಾರ್ಟ್ಸ್ ಎಂಎಸ್ ತಂಡ ಕೈಯನ್ನು ಮರೆಯಬೇಡಿ ಎಂದು ‘ಥಿಂಕ್ ಹ್ಯಾಂಡ್’ ಆಂದೋಲನವನ್ನೇ ನಡೆಸಿ, ರೋಗಿಗಳು ಮನೆಯಲ್ಲೇ ಅಳೆದುಕೊಳ್ಳಲು ರಟ್ಟಿನ ಹಲಗೆ ಮಾಡಿಕೊಟ್ಟಿತು. 2018ರಲ್ಲಿ ಪ್ರಕಟವಾದ ನಟಾಲಿಜುಮ್ಯಾಬ್ ಔಷಧಿಯ ದೊಡ್ಡ ಪ್ರಯೋಗವೊಂದು ತನ್ನ ಮುಖ್ಯ ಗುರಿಯಲ್ಲಿ ಸೋತಿತು, ಆದರೆ ಗೂಟದ ಪರೀಕ್ಷೆಯಲ್ಲಿ ಮಾತ್ರ ಔಷಧಿಯ ಗುಣ ಕಂಡಿತು. ಕೈಯನ್ನು ಅಳೆಯದೆ ಇದ್ದಿದ್ದರೆ ಅದೂ ಕಾಣುತ್ತಿರಲಿಲ್ಲ.

ತಾಲೀಮಿನ ರೀತಿಯೂ ಬದಲಾಯಿತು. ಅಲಬಾಮಾ ವಿಶ್ವವಿದ್ಯಾಲಯದ ಎಡ್ವರ್ಡ್ ಟೌಬ್, ಲಕ್ವಾ ಹೊಡೆದವರು ಸೋತ ಕೈಯನ್ನು ಬಳಸದಿರುವುದನ್ನೇ ರೂಢಿ ಮಾಡಿಕೊಂಡು ಇನ್ನಷ್ಟು ಸೋಲುತ್ತಾರೆಂದು ಕಂಡವರು. ಚೆನ್ನಾಗಿರುವ ಕೈಗೆ ಗವಸು ತೊಡಿಸಿ, ದಿನಕ್ಕೆ ಹಲವು ಗಂಟೆ ಸೋತ ಕೈಯಿಂದಲೇ ಕೆಲಸ ಮಾಡಿಸುವುದು ಅವರ ಚಿಕಿತ್ಸೆ. 2008ರಲ್ಲಿ ವಿಕ್ಟರ್ ಮಾರ್ಕ್ ಮತ್ತು ಟೌಬ್ ಇದನ್ನು ಐವರು ಎಂಎಸ್ ರೋಗಿಗಳಲ್ಲಿ ಪ್ರಯೋಗಿಸಿ, ದಿನಬಳಕೆಯಲ್ಲಿ ಆ ಕೈಯ ಪಾಲು ಹೆಚ್ಚಿತೆಂದು ವರದಿ ಮಾಡಿದರು. ಬೆಲ್ಜಿಯಂನ ಹ್ಯಾಸೆಲ್ಟ್‌ನಲ್ಲಿ ಪೀಟರ್ ಫೇಸ್, ಇಲ್ಸೆ ಲಾಮರ್ಸ್ ಮೊದಲಾದವರು ಕೈಯ ತಾಲೀಮಿನ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ 2016ರಲ್ಲಿ ಪರಿಶೀಲಿಸಿದರು. ತಾಲೀಮು ರೋಗವನ್ನು ನಿಲ್ಲಿಸುವುದಿಲ್ಲ, ಆದರೆ ಕೈಯಿಂದ ಆಗುವ ಕೆಲಸವನ್ನು ಹೆಚ್ಚಿಸಬಲ್ಲದು. ಬರಿದೇ ಚೆಂಡು ಹಿಸುಕುವುದಕ್ಕಿಂತ ತನಗೆ ಬೇಕಾದ ಕೆಲಸವನ್ನೇ ತುಂಡು ತುಂಡಾಗಿ ಮಾಡುತ್ತ ಹೋಗುವುದು ಆ ಕೆಲಸಕ್ಕೆ ಹೆಚ್ಚು ಫಲ ಕೊಡುತ್ತದೆ. ತೀವ್ರ ನಡುಕ ಮಾತ್ರ ಇನ್ನೂ ಸುಲಭಕ್ಕೆ ಬಗ್ಗಿಲ್ಲ.

ಬೇಕಾದ ಕೆಲಸ ಯಾವುದು ಎಂಬ ಪ್ರಶ್ನೆಗೆ ಬೆಲ್ಜಿಯಂನ ಉತ್ತರ ಕಲಬುರಗಿಗೆ ಒಗ್ಗುವುದಿಲ್ಲ. ಇಲ್ಲಿಯ ಹೆಣ್ಣುಮಕ್ಕಳಿಗೆ ಕೈ ಸೋತಿತೆಂದು ಮೊದಲು ತಿಳಿಯುವುದು ಜೋಳದ ರೊಟ್ಟಿ ಬಡಿಯುವಾಗ. ಕುದಿನೀರಿನಲ್ಲಿ ಕಲೆಸಿದ ಹಿಟ್ಟನ್ನು ಅಂಗೈ ಬುಡದಿಂದ ಒತ್ತಿ ನಾದಬೇಕು. ಉಂಡೆಯನ್ನು ಒಂದು ಕೈ ಬಡಿಯುತ್ತಿದ್ದರೆ ಇನ್ನೊಂದು ಕೈ ಅಂಚು ಹಿಡಿದು ತಿರುಗಿಸುತ್ತಿರಬೇಕು. ಹರಿಯದಂತೆ ಎತ್ತಿ ಹಂಚಿಗೆ ಹಾಕಬೇಕು, ಮೇಲೆ ನೀರು ಸವರಬೇಕು. ಬಲ, ಲಯ, ಎರಡು ಕೈಗಳ ಹೊಂದಿಕೆ, ಬೆರಳ ತುದಿಯ ಸೂಕ್ಷ್ಮ, ಎಲ್ಲವೂ ಆ ಒಂದು ರೊಟ್ಟಿಯಲ್ಲಿವೆ. ಸೇಡಂ ರಸ್ತೆಯ ಥೆರಪಿ ಕೋಣೆಗಳಲ್ಲಿ ಗೋಡೆಯ ಬೆರಳೇಣಿ, ಭುಜದ ಚಕ್ರ, ಪೆಗ್ ಬೋರ್ಡುಗಳ ಪಕ್ಕದಲ್ಲಿ ಒಂದು ರೊಟ್ಟಿ ಹಲಗೆ, ಒಂದಿಷ್ಟು ಜೋಳದ ಹಿಟ್ಟು ಇರಲೇಬೇಕು. ಒಲೆ ಮಾತ್ರ ಬೇಡ. ಶಾಖ ಲಕ್ಷಣಗಳನ್ನು ಕೆರಳಿಸುತ್ತದೆ, ಸ್ಪರ್ಶ ಕುಂದಿದ ಬೆರಳಿಗೆ ಸುಟ್ಟದ್ದೂ ತಿಳಿಯುವುದಿಲ್ಲ. ನಾದುವುದು, ಬಡಿಯುವುದು, ತಿರುಗಿಸುವುದು ಇಷ್ಟೇ ಸಾಕು, ಅದೂ ದಿನಾ, ದಣಿವಿಗೆ ಮೊದಲೇ ನಿಲ್ಲಿಸಿ.

ದಿನಾ ಎಂದರೆ ದವಾಖಾನೆಯಲ್ಲಿ ಆಗುವ ಮಾತಲ್ಲ. ಕಮಲಾಪುರದಿಂದ ಕಲಬುರಗಿಗೆ ಬಂದು, ಊರ ಇನ್ನೊಂದು ತುದಿಯ ಸೇಡಂ ರಸ್ತೆ ಮುಟ್ಟಿ ಮರಳುವುದರಲ್ಲೇ ದಿನದ ಬಲವೆಲ್ಲ ಮುಗಿಯುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಚಾರ್ಜಿನ ಚಿಂತೆ ತಪ್ಪಿದೆ, ಮೆಟ್ಟಿಲು ಹತ್ತುವ ಕಷ್ಟ ತಪ್ಪಿಲ್ಲ. ಹಾಗಾಗಿ ಒಮ್ಮೆ ಬಂದಾಗ ಅಳತೆ ತೆಗೆದು, ಮನೆಯ ತಾಲೀಮನ್ನು ಮನೆಯವರಿಗೂ ಕಲಿಸಿ ಕಳುಹಿಸಿ, ಮುಂದಿನದನ್ನು ಫೋನಿನ ವಿಡಿಯೊದಲ್ಲಿ ನೋಡಿ ತಿದ್ದುವುದೇ ಕಾರ್ಯಸಾಧ್ಯ ದಾರಿ. ಬಡಗಿಯೊಬ್ಬನಿಗೆ ಅಳತೆ ಕೊಟ್ಟರೆ ಒಂಬತ್ತು ತೂತಿನ ಹಲಗೆಯನ್ನು ಅರ್ಧ ದಿನದಲ್ಲಿ ಮಾಡಿಕೊಟ್ಟಾನು: ಅಂಗೈಯಗಲದ ಮರ, ಮೂರು ಸಾಲಿನಲ್ಲಿ ಮೂರು ಮೂರು ತೂತು, ತೂತಿನಿಂದ ತೂತಿಗೆ 32 ಮಿಲಿಮೀಟರ್, ಗೂಟದ ಉದ್ದವೂ ಅಷ್ಟೇ.

1985ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾಕ್ಕೆ ಬೆಂಗಳೂರಿನಲ್ಲೂ ಶಾಖೆಯಿದೆ. ಕಾನೂನು ಮಾತ್ರ ತಡವಾಗಿ ಕಣ್ಣು ತೆರೆಯಿತು: 1995ರ ಅಂಗವಿಕಲರ ಕಾಯ್ದೆಯಲ್ಲಿ ಎಂಎಸ್‌ನ ಹೆಸರೇ ಇರಲಿಲ್ಲ. 2016ರ ಕಾಯ್ದೆ ಹೆಸರಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಅದು ಸೇರಿತು, 2017ರ ಏಪ್ರಿಲ್‌ನಲ್ಲಿ ಕಾಯ್ದೆ ಜಾರಿಗೆ ಬಂತು. ಮೀಸಲಾತಿಯಂಥ ಸೌಲಭ್ಯಕ್ಕೆ ಶೇ 40ರಷ್ಟು ಅಂಗವೈಕಲ್ಯ ಪ್ರಮಾಣೀಕರಣಗೊಳ್ಳಬೇಕು. ಪ್ರಮಾಣಪತ್ರಕ್ಕೆಂದು ನಡೆದು ಬಂದ ಹೆಣ್ಣುಮಗಳನ್ನು ನೋಡಿ ಕಾಲು ಸರಿಯಿದೆ ಎಂದು ಕಳುಹಿಸಿಬಿಡುವ ಮೊದಲು, ಆಕೆಯ ಎರಡೂ ಕೈಗಳ ಮುಂದೆ ಆ ಒಂಬತ್ತು ಗೂಟಗಳನ್ನು ಇಟ್ಟು ಗಡಿಯಾರ ನೋಡುವುದು ಜಿಲ್ಲಾ ಮಟ್ಟದಲ್ಲೂ ತಾಲ್ಲೂಕು ಮಟ್ಟದಲ್ಲೂ ವಾಡಿಕೆಯಾಗಬೇಕು. ಆ ಕೆಲಸಕ್ಕೆ ಬೇಕಾದ ಆಕ್ಯುಪೇಷನಲ್ ಥೆರಪಿಸ್ಟರನ್ನು ಕಮಲಾಪುರ, ಸೇಡಂನಂಥ ತಾಲ್ಲೂಕು ಆಸ್ಪತ್ರೆಗಳಿಗೂ ನೇಮಿಸಬೇಕು. ಕಮಲಾ ನಿಂಬ್ಕರ್ ಶಾಲೆ ತೆರೆದು 75 ವರ್ಷ ತುಂಬಿದ ಮೇಲಾದರೂ ಈ ಬೇಡಿಕೆಯನ್ನು ಮುಂದೂಡಬಾರದು.